ಗೇಟ್, ಜರ್ಮನಿ, ಅಮೆರಿಕ: ಒಂದೇ ವರ್ಷ ಮೂರು ಬಾಗಿಲು ಕಾದಿದ್ದು

ಎಂಟೆಕ್ಕೋ ಎಂಎಸ್ಸೋ, ಇಲ್ಲೋ ಅಲ್ಲೋ ಅಂತ ಕೇಳುವವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡುತ್ತೇನೆ. 2023ರ ಆಗಸ್ಟ್‌ನಿಂದ ಮುಂದಿನ ಒಂದು ವರ್ಷ ನಾನು ಮೂರಕ್ಕೂ ಅರ್ಜಿ ಹಾಕಿದೆ. ಇಲ್ಲಿನ ಎಂಟೆಕ್‌ಗೆ ಗೇಟ್ ಪರೀಕ್ಷೆ, ಜರ್ಮನಿಯ ಮಾಸ್ಟರ್ಸ್, ಅಮೆರಿಕದ ಎಂಎಸ್. ಓದಿದ್ದು ಎಲೆಕ್ಟ್ರಾನಿಕ್ಸ್. ಬಿಇ ಮುಗಿಸಿ ಒಂದು ವರ್ಷ ಪೀಣ್ಯದ ಕಂಪನಿಯೊಂದರಲ್ಲಿ ಬೋರ್ಡ್ ಟೆಸ್ಟಿಂಗ್ ಮಾಡುತ್ತಿದ್ದೆ, ಇದ್ದಿದ್ದು ವಿಜಯನಗರದ ಪಿಜಿಯಲ್ಲಿ. ಊರು ಚನ್ನಗಿರಿ ಹತ್ತಿರ, ಅಪ್ಪನದು ಅಡಿಕೆ ತೋಟ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಎಂಟೆಕ್ ಮಾಡಿದವರಿಲ್ಲ, ಪಾಸ್‌ಪೋರ್ಟ್ ಮಾಡಿಸಿದವರೂ ಇಲ್ಲ.

ಯಾವ ದೇಶ ಒಳ್ಳೆಯದು, ಎಲ್ಲಿ ಸಂಬಳ ಜಾಸ್ತಿ ಅನ್ನುವ ಲೆಕ್ಕ ನನ್ನಿಂದ ನಿರೀಕ್ಷಿಸಬೇಡಿ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡುವುದು ಒಂದನ್ನೇ. ಅರ್ಜಿ ಹಾಕಿ ಮುಗಿಸುವಷ್ಟರಲ್ಲಿ ಎಷ್ಟು ಜನರ ಬಾಗಿಲು ಕಾಯಬೇಕು? ನನ್ನ ರೂಮ್‌ಮೇಟ್‌ಗೆ ಅಪ್ಪ ಅಮ್ಮ ಇಬ್ಬರೂ ಇಂಜಿನಿಯರ್, ಅಕ್ಕ ಟೆಕ್ಸಾಸ್‌ನಲ್ಲಿ. ಅವಳಿಗೆ ಈ ಪ್ರಶ್ನೆ ತಲೆಗೇ ಬರಲಿಲ್ಲ. ನನಗೆ ಇಡೀ ವರ್ಷ ಇದೇ ಆಯ್ತು.

ಗೇಟ್‌ನಿಂದ ಶುರು ಮಾಡ್ತೀನಿ, ಯಾಕೆಂದರೆ ಅದು ಸಲೀಸು. ಪರೀಕ್ಷೆ ಸಲೀಸು ಅಂತಲ್ಲ, ಅರ್ಜಿ ಸಲೀಸು. ಆ ವರ್ಷ ಐಐಎಸ್ಸಿಯವರು ನಡೆಸಿದ್ದು. ಆಗ ಶುಲ್ಕ 1,800 ರೂಪಾಯಿ, ಹೆಣ್ಣುಮಕ್ಕಳಿಗೆ 900 ಇತ್ತು. ಫೋಟೋ, ಸಹಿ, ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಮಾಡಿದರೆ ಮುಗೀತು. ಯಾರ ಪತ್ರವೂ ಬೇಡ, ನೀನ್ಯಾರು, ಯಾಕೆ ಓದಬೇಕು ಅಂತ ಯಾರೂ ಕೇಳುವುದಿಲ್ಲ. ಮೂರು ಗಂಟೆ, 65 ಪ್ರಶ್ನೆ, 100 ಅಂಕ, ಅದರಲ್ಲಿ 15 ಅಂಕ ಆಪ್ಟಿಟ್ಯೂಡ್‌ಗೆ. ಒಂದೇ ಉತ್ತರ ಆರಿಸುವ ಪ್ರಶ್ನೆಗಳಲ್ಲಿ ತಪ್ಪಾದರೆ ಮೂರನೇ ಒಂದು ಭಾಗ ಅಂಕ ಹೋಗುತ್ತದೆ, ಉತ್ತರದ ಸಂಖ್ಯೆ ನಾವೇ ಟೈಪ್ ಮಾಡುವ ಪ್ರಶ್ನೆಗಳಲ್ಲಿ ಹೋಗುವುದಿಲ್ಲ. ಒಂದು ಮಾತು, ಕ್ಯಾಲ್ಕುಲೇಟರ್ ಒಳಗೆ ಒಯ್ಯುವ ಹಾಗಿಲ್ಲ. ಸ್ಕ್ರೀನ್ ಮೇಲೆ ಒಂದು ಇರುತ್ತದೆ, ಒಂದೊಂದು ಅಂಕಿಯನ್ನೂ ಮೌಸ್‌ನಲ್ಲಿ ಒತ್ತಬೇಕು. ನಾನು ನಾಲ್ಕು ವರ್ಷ ಕ್ಯಾಸಿಯೋ ಒತ್ತಿ ಅಭ್ಯಾಸ ಆದವಳು, ಮನೆಯಲ್ಲಿ ಒಂದು ದಿನವೂ ಇದನ್ನು ಮುಟ್ಟಿ ನೋಡಿರಲಿಲ್ಲ. ಮೊದಲ ಅರ್ಧ ಗಂಟೆ ಬ್ರಾಕೆಟ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಹೋಯ್ತು.

ಗೇಟ್‌ನಲ್ಲಿ ನಾನು ಕಾದ ಬಾಗಿಲು ಒಂದೇ, ನಾಡಕಚೇರಿ. ಅದೂ ನನ್ನದೇ ತಪ್ಪಿನಿಂದ. ನಮ್ಮದು 2ಎ, ಆ ಸರ್ಟಿಫಿಕೇಟ್ ಸಿಇಟಿ ಕಾಲದಿಂದಲೂ ಫೈಲಿನಲ್ಲಿ ಇತ್ತು, ಅದೇ ಸಾಕು ಅಂದುಕೊಂಡಿದ್ದೆ. ಸಾಕಾಗುವುದಿಲ್ಲ. ಐಐಟಿ, ಎನ್‌ಐಟಿಗಳಿಗೆ ಕೇಂದ್ರದ ನಮೂನೆಯ ಒಬಿಸಿ ಸರ್ಟಿಫಿಕೇಟೇ ಬೇಕು, ಕೆನೆಪದರದಲ್ಲಿ ಇಲ್ಲ ಅಂತ ಅದರಲ್ಲಿ ಬರೆದಿರಬೇಕು, ಹಳೆಯದಾದರೆ ಕೌನ್ಸೆಲಿಂಗ್ ಹೊತ್ತಿಗೆ ಮತ್ತೆ ಹೊಸದು ಕೇಳುತ್ತಾರೆ. ನಮ್ಮ ರಾಜ್ಯದ 2ಎ, 3ಬಿ ಎಲ್ಲ ಅಲ್ಲಿ ಲೆಕ್ಕಕ್ಕಿಲ್ಲ. ಅಪ್ಪ ಎರಡು ಸಲ ತೋಟದ ಕೆಲಸ ಬಿಟ್ಟು ಹೋಗಿ ಬಂದರು. ಇದನ್ನು ಓದಿ ಇನ್ನೇನೂ ನೆನಪಿಟ್ಟುಕೊಳ್ಳದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ರಿಸಲ್ಟ್ ಮಾರ್ಚ್‌ನಲ್ಲಿ. ಆಮೇಲೆ ಎನ್‌ಐಟಿಗಳಿಗೆ ಸಿಸಿಎಂಟಿ ಅಂತ ಒಂದೇ ಕೌನ್ಸೆಲಿಂಗ್. ಐಐಟಿಗಳಿಗೆ ಮಾತ್ರ ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು, ಸೀಟು ಬಂದರೆ ಕೋಪ್ ಅನ್ನುವ ಒಂದೇ ಪೋರ್ಟಲ್‌ನಲ್ಲಿ ಕಾಣುತ್ತದೆ. ಒಪ್ಪಿಕೋ, ಇಟ್ಟುಕೊಂಡು ಕಾಯಿ, ಬಿಟ್ಟು ಕಾಯಿ, ಇಷ್ಟೇ ಆಯ್ಕೆ. ನನಗೆ ಅಲ್ಲಿ ಏನೂ ಕಾಣಲಿಲ್ಲ ಬಿಡಿ. ರ್‍ಯಾಂಕ್ ಮೂರು ಸಾವಿರದ ಆಚೆ. ದೂರದ ಒಂದು ಎನ್‌ಐಟಿಯಲ್ಲಿ ಸಿಕ್ಕಿತು, ಆದರೆ ನನಗೆ ಬೇಕಾಗಿದ್ದ ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸ, ಅಲ್ಲ. ಸೀಟು ತೆಗೆದುಕೊಂಡಿದ್ದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಅಂದರೆ ಓದುವುದಕ್ಕೆ ಅವರೇ ದುಡ್ಡು ಕೊಡುತ್ತಾರೆ. ಈ ಮಾತು ಅಮೆರಿಕಕ್ಕೆ ಬಂದಾಗ ನೆನಪಿರಲಿ.

ಅಮೆರಿಕ ಅಂದರೆ ಮೊದಲು ಪರ್ಸ್ ಬಿಚ್ಚಬೇಕು. ಎಂಎಸ್‌ಗೆ ಕೇಳುವ ಜಿಆರ್‌ಇ ಪರೀಕ್ಷೆಗೆ ಆಗ ಸುಮಾರು 22 ಸಾವಿರ, ಇಂಗ್ಲಿಷ್ ಪರೀಕ್ಷೆ ಟೋಫೆಲ್‌ಗೆ ಸುಮಾರು 17 ಸಾವಿರ. ಆ ವರ್ಷವೇ ಎರಡನ್ನೂ ಎರಡು ಗಂಟೆಯೊಳಗೆ ಮುಗಿಯುವ ಹಾಗೆ ಚಿಕ್ಕದು ಮಾಡಿದ್ದರು, ದುಡ್ಡು ಮಾತ್ರ ಚಿಕ್ಕದಾಗಲಿಲ್ಲ. ಜಿಆರ್‌ಇ ಸ್ಕೋರನ್ನು ನಾಲ್ಕು ಕಡೆ ಪುಕ್ಕಟೆ ಕಳಿಸಬಹುದು, ಆದರೆ ಯಾವ ನಾಲ್ಕು ಅಂತ ಪರೀಕ್ಷೆಯ ದಿನವೇ ಹೇಳಿಬಿಡಬೇಕು. ಆಮೇಲೆ ಮನಸ್ಸು ಬದಲಾದರೆ ಒಂದೊಂದಕ್ಕೂ ಡಾಲರ್ ಕಟ್ಟಬೇಕು. ನಾಲ್ಕು ಯೂನಿವರ್ಸಿಟಿಗಳ ಅರ್ಜಿ ಶುಲ್ಕವೇ 30 ಸಾವಿರದ ಹತ್ತಿರ. ಒಟ್ಟು 70 ಸಾವಿರ. ನಾನು ಆರು ತಿಂಗಳು ಪೀಣ್ಯದಲ್ಲಿ ದುಡಿದು ಉಳಿಸಿದ್ದು ಅಷ್ಟೇ.

ಇನ್ನು ಎಸ್‌ಒಪಿ, ಅಂದರೆ ನಾನ್ಯಾರು ಅಂತ ಎರಡು ಪುಟದಲ್ಲಿ ಹೇಳುವುದು. ನನ್ನ ಮೊದಲ ಡ್ರಾಫ್ಟ್ ಶುರುವಾಗಿದ್ದೇ ಚಿಕ್ಕಂದಿನಲ್ಲಿ ತಾತನ ರೇಡಿಯೋ ಬಿಚ್ಚಿ ನೋಡುತ್ತಿದ್ದೆ ಅಂತ. ನಮ್ಮ ತಾತ ರೇಡಿಯೋ ಮುಟ್ಟಿದರೆ ಕೈ ಮುರಿಯುತ್ತಿದ್ದರು! ಸೀನಿಯರ್ ಒಬ್ಬರು ಓದಿ, ಇದು ಎಲ್ಲರ ಎಸ್‌ಒಪಿಯಲ್ಲೂ ಇರುತ್ತೆ ಕಣೇ, ನಿಜವಾಗಿ ಏನು ಮಾಡಿದ್ದೀಯ ಹೇಳು ಅಂದರು. ಹೇಳಿದೆ. ಫೈನಲ್ ಇಯರ್‌ನಲ್ಲಿ ನಮ್ಮ ತೋಟಕ್ಕೇ ಮಣ್ಣಿನ ತೇವ ನೋಡುವ ಸೆನ್ಸರ್ ಹಾಕಿದ್ದೆ, ಹನ್ನೊಂದನೇ ದಿನಕ್ಕೆ ಇಲಿ ವೈರ್ ಕಡಿದು ಎಲ್ಲ ಬಂದ್ ಆಯ್ತು, ವೈರನ್ನು ಪೈಪಿನೊಳಗೆ ಹಾಕಿ ಮತ್ತೆ ಶುರು ಮಾಡಿದೆ. ಅದನ್ನೇ ಬರಿ ಅಂದರು. ಬರೆದೆ. ಮೂರರಲ್ಲಿ ನನಗೆ ಖುಷಿ ಕೊಟ್ಟ ಕೆಲಸ ಇದೊಂದೇ. ಗೇಟ್‌ಗೆ ನಮ್ಮ ಇಲಿಯ ಕಥೆ ಬೇಡ, ಅಮೆರಿಕಕ್ಕೆ ಬೇಕು.

ಆದರೆ ಬಾಗಿಲು ಕಾಯುವುದು ಅಂದೆನಲ್ಲ, ಅದು ಇಲ್ಲಿ. ಮೂರು ರೆಕಮೆಂಡೇಶನ್ ಲೆಟರ್ ಬೇಕು, ಪೇಪರಿನಲ್ಲಲ್ಲ. ಯೂನಿವರ್ಸಿಟಿಯಿಂದ ನಮ್ಮ ಮೇಷ್ಟ್ರಿಗೆ ನೇರವಾಗಿ ಲಿಂಕ್ ಹೋಗುತ್ತದೆ, ಅವರೇ ಅಪ್‌ಲೋಡ್ ಮಾಡಬೇಕು. ಇಬ್ಬರು ಬೇಗ ಮುಗಿಸಿಕೊಟ್ಟರು. ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್ ಮಾತ್ರ, ಬಹಳ ಒಳ್ಳೆಯವರು, ಮೇಲ್ ನೋಡುವ ಅಭ್ಯಾಸ ಇಲ್ಲ. ಡಿಸೆಂಬರ್ 15 ಕೊನೆ ದಿನ. 14ರ ರಾತ್ರಿ ಬಸ್ ಹತ್ತಿ ಕಾಲೇಜಿಗೆ ಹೋದೆ. 15ರಂದು ಅವರು ಇಂಟರ್ನಲ್ಸ್ ಡ್ಯೂಟಿಯಲ್ಲಿ, ಸಿಗಲೇ ಇಲ್ಲ. ಅತ್ತುಕೊಂಡೇ ಸೀನಿಯರ್‌ಗೆ ಫೋನ್ ಮಾಡಿದರೆ, ಅಯ್ಯೋ ಅದು ಅಲ್ಲಿಯ ರಾತ್ರಿ 11:59, ನಮಗೆ ನಾಳೆ ಬೆಳಗ್ಗೆ ಹತ್ತೂವರೆವರೆಗೆ ಟೈಮ್ ಇದೆ ಅಂದರು. 16ರ ಬೆಳಗ್ಗೆ ಎಂಟೂಮುಕ್ಕಾಲಿಗೇ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದೆ.

"ಎಲ್ಲಮ್ಮ ಲಿಂಕು? ಬಂದೇ ಇಲ್ವಲ್ಲ."

"ಸರ್, ಸ್ಪ್ಯಾಮ್‌ನಲ್ಲಿ ಒಂದ್ಸಲ ನೋಡಿ ಸರ್."

ಅಲ್ಲೇ ಇತ್ತು, ನಾಲ್ಕೂ. ಸರ್ ಕನ್ನಡಕ ಹಾಕಿಕೊಂಡು ಫಾರಂ ತೆರೆದರು. ಈ ವಿದ್ಯಾರ್ಥಿ ತರಗತಿಯ ಮೇಲಿನ ಶೇಕಡಾ 5ರಲ್ಲೋ, 10ರಲ್ಲೋ, 25ರಲ್ಲೋ ಅಂತ ಕೇಳುತ್ತದೆ. ನನ್ನ ಕಡೆ ತಿರುಗಿ, "ಎಷ್ಟರಲ್ಲಿ ಹಾಕ್ಲಿ?" ಅಂದರು. ಈ ಪತ್ರವನ್ನು ನೋಡುವ ಹಕ್ಕು ನನಗೆ ಬೇಡ ಅಂತ ಅರ್ಜಿಯಲ್ಲಿ ನಾನೇ ಟಿಕ್ ಹಾಕಿದ್ದೆ, ಈಗ ಅವರ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತಿದ್ದೇನೆ. "ನಿಮ್ಮಿಷ್ಟ ಸರ್" ಅಂದೆ. 10ಕ್ಕೆ ಹಾಕಿದರು. ಒಂಬತ್ತು ನಲವತ್ತಕ್ಕೆ ಸಬ್ಮಿಟ್ ಆಯ್ತು. ಆಮೇಲೆ ಕ್ಯಾಂಟೀನ್‌ನಲ್ಲಿ ಅವರೇ ಟೀ ಕೊಡಿಸಿದರು.

ನಾಲ್ಕರಲ್ಲಿ ಮೂರು ಕಡೆ ಇಲ್ಲ ಅಂದರು, ಒಂದು ಕಡೆ ಸಿಕ್ಕಿತು. ಸ್ಕಾಲರ್‌ಶಿಪ್ ಇಲ್ಲ. ವೀಸಾಕ್ಕೆ ಬೇಕಾದ ಐ-20 ಪತ್ರ ಬರಬೇಕೆಂದರೆ ಮೊದಲ ವರ್ಷದ ಖರ್ಚು, ನನ್ನ ಲೆಕ್ಕದಲ್ಲಿ 37 ಲಕ್ಷ, ನಮ್ಮ ಹತ್ತಿರ ಇದೆ ಅಂತ ತೋರಿಸಬೇಕು. ಅಪ್ಪನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕು. ಅಪ್ಪ ಧೈರ್ಯವಾಗಿ ಮೂರು ಎಕರೆ ತೋಟ ಇದೆ ಸರ್ ಅಂದರು, ಪಹಣಿ ಮುಂದಿಟ್ಟರು. ಮ್ಯಾನೇಜರ್ ಪಹಣಿ ತಿರುಗಿಸಿಯೂ ನೋಡಲಿಲ್ಲ. "ತೋಟ ಬೇಡ ಯಜಮಾನ್ರೇ, ಸೈಟು ಮನೆ ಏನಾದ್ರೂ ಇದ್ರೆ ಹೇಳಿ." ಸಾಲ ತೀರದಿದ್ದರೆ ಬ್ಯಾಂಕ್ ನೇರವಾಗಿ ಆಸ್ತಿ ಹಿಡಿಯುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯ ಆಗುವುದಿಲ್ಲ, ಹಾಗಾಗಿ ಅವರಿಗೆ ಅದು ಬೇಡ. ನನಗೆ ಇದು ಆಮೇಲೆ ತಿಳಿಯಿತು. ಅಪ್ಪನಿಗೆ ಆವತ್ತು ತಿಳಿದಿದ್ದು ತಾನು ಮೂವತ್ತು ವರ್ಷ ಬೆಳೆಸಿದ ತೋಟಕ್ಕಿಂತ ಒಂದು 30-40 ಸೈಟಿಗೆ ಬೆಲೆ ಜಾಸ್ತಿ ಅಂತ. ಬಸ್‌ನಲ್ಲಿ ವಾಪಸ್ ಬರುವಾಗ ಏನೂ ಮಾತಾಡಲಿಲ್ಲ. ಅಮೆರಿಕ ಅಲ್ಲಿಗೆ ಮುಗಿಯಿತು.

ಜರ್ಮನಿ ಇವೆರಡಕ್ಕಿಂತ ಬೇರೆ ಜಾತಿಯದು. ಅದಕ್ಕೆ ನಿಮ್ಮ ಕಥೆಯೂ ಅಷ್ಟಾಗಿ ಬೇಡ, ರ್‍ಯಾಂಕೂ ಬೇಡ. ಬೇಕಾಗಿದ್ದು ಕಾಗದ. 2022ರ ನವೆಂಬರ್‌ನಿಂದ ಭಾರತದವರಿಗೆ ಎಪಿಎಸ್ ಅನ್ನುವ ಸರ್ಟಿಫಿಕೇಟ್ ಕಡ್ಡಾಯ, ಶುಲ್ಕ 18 ಸಾವಿರ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿಗಳೂ ಅಸಲಿಯೇ ಅಂತ ಅವರು ನೋಡಿ ಹೇಳಬೇಕು. ವಾರಗಟ್ಟಲೆ ಹಿಡಿಯುವ ಕೆಲಸ, ಆದ್ದರಿಂದ ಉಳಿದಿದ್ದೆಲ್ಲ ಆಮೇಲೆ, ಮೊದಲು ಇದಕ್ಕೆ ಹಾಕಿ. ನಾನು ಅಕ್ಟೋಬರ್‌ನಲ್ಲೇ ಹಾಕಿದ್ದೆ, ಇಡೀ ವರ್ಷ ನಾನು ಮಾಡಿದ ಒಂದೇ ಬುದ್ಧಿವಂತಿಕೆ. ಅರ್ಜಿಯನ್ನು ಹಲವು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಯೂನಿ ಅಸಿಸ್ಟ್ ಮೂಲಕ ಹಾಕಿದರೆ ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರ್‌ಗೆ ಆಮೇಲಿನ ಒಂದೊಂದಕ್ಕೂ 30. ನಾಲ್ಕು ಹಾಕಿದೆ, 165 ಯೂರೋ, ಆಗ ಸುಮಾರು 15 ಸಾವಿರ. ಅಮೆರಿಕಕ್ಕೆ ಬರೆದ ಟೋಫೆಲ್ ಇಲ್ಲೂ ನಡೆಯಿತು. ರೆಕಮೆಂಡೇಶನ್ ಲೆಟರ್ ನಾನು ಹಾಕಿದ ನಾಲ್ಕರಲ್ಲಿ ಒಬ್ಬರೂ ಕೇಳಲಿಲ್ಲ.

ಅಲ್ಲಿ ಮಾರ್ಕ್ಸ್ ತಲೆಕೆಳಗು. 1 ಅಂದರೆ ಬೆಸ್ಟ್, 4 ಅಂದರೆ ಜಸ್ಟ್ ಪಾಸ್. ನಮ್ಮ ಸಿಜಿಪಿಎಯನ್ನು ಒಂದು ಸೂತ್ರದಲ್ಲಿ ಬದಲಾಯಿಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆದಿದ್ದರಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡಿಸುವುದು. ನನ್ನದು 10ಕ್ಕೆ 8.0. ಕನಿಷ್ಠ ಪಾಸ್ 5 ಅಂತ ಹಿಡಿದರೆ 2.2, 4 ಅಂತ ಹಿಡಿದರೆ 2.0. ಅಷ್ಟರಲ್ಲೇ ಒಳಗೋ ಹೊರಗೋ ತೀರ್ಮಾನ ಆಗಬಹುದು. ಹಾಗಾಗಿ ಕನಿಷ್ಠ ಎಷ್ಟು ಅಂತ ಅಂಕಪಟ್ಟಿಯ ಹಿಂದೆ ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಕಾಲೇಜಿನಿಂದ ಒಂದು ಪತ್ರ ಬರೆಸಿಕೊಳ್ಳಿ.

ಆಮೇಲೆ ಎಕ್ಸೆಲ್ ಶೀಟು. ಬಿಇಯಲ್ಲಿ ಓದಿದ ಒಂದೊಂದು ಸಬ್ಜೆಕ್ಟ್ ಅವರ ಯಾವ ಸಬ್ಜೆಕ್ಟ್‌ಗೆ ಹೊಂದುತ್ತದೆ, ಎಷ್ಟು ಗಂಟೆ, ಯಾವ ಪಾಠಗಳು ಅಂತ ಸಾಲುಸಾಲಾಗಿ ತುಂಬಬೇಕು. ವಿಟಿಯು ಸಿಲಬಸ್ ಡೌನ್‌ಲೋಡ್ ಮಾಡಿಕೊಂಡು ನಾಲ್ಕು ಭಾನುವಾರ ಕೂತೆ. ಒಂದು ಕಡೆ ಗಣಿತದ ಕ್ರೆಡಿಟ್ ಸಾಲದು ಅಂತ ತಿರಸ್ಕರಿಸಿದರು. ಬೇಜಾರಾಯ್ತು, ಆದರೆ ಎಷ್ಟು ಕಡಿಮೆ ಅಂತಲೂ ಬರೆದಿದ್ದರು. ಅಮೆರಿಕದ ಮೂರು ತಿರಸ್ಕಾರಗಳಲ್ಲಿ ಯಾಕೆ ಅಂತ ಒಂದು ಅಕ್ಷರವೂ ಇರಲಿಲ್ಲ. ನನಗೆ ಇದು ದೊಡ್ಡ ವ್ಯತ್ಯಾಸ.

ದುಡ್ಡಿನ ವಿಷಯಕ್ಕೆ ಬಂದರೆ, ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸ್ ಇಲ್ಲ, ಆದರೆ ಎಲ್ಲ ಕಡೆಯೂ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ, ಮ್ಯೂನಿಕ್‌ನ ಟಿಯು, ಅಂದರೆ ಅಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ, ಕೂಡ 2024ರಿಂದ ಶುರು ಮಾಡಿತು. ವೀಸಾಕ್ಕೆಂದು ಮೊದಲ ವರ್ಷದ ಖರ್ಚನ್ನು ಮುಂಚೆಯೇ ಇಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ನನ್ನ ಸಲ 11,208 ಯೂರೋ ಇಡಬೇಕಿತ್ತು, 2024ರ ಸೆಪ್ಟೆಂಬರ್‌ನಿಂದ ಅದು 11,904 ಆಯ್ತು. ಹತ್ತು ಲಕ್ಷ ರೂಪಾಯಿ ಕಡಿಮೆಯೇನಲ್ಲ. ಆದರೆ ಅದು ನಮ್ಮದೇ ದುಡ್ಡು, ಅಲ್ಲಿಗೆ ಹೋದಮೇಲೆ ತಿಂಗಳು ತಿಂಗಳು ವಾಪಸ್ ಬರುತ್ತದೆ, ನನಗೆ 934 ಯೂರೋ ಬರುತ್ತಿತ್ತು. ನನ್ನ ಉಳಿತಾಯ, ಅಮ್ಮನ ಎರಡೆಳೆ ಸರ, ಏಳು ಲಕ್ಷದ ಸಾಲ. ಏಳೂವರೆ ದಾಟಲಿಲ್ಲವಲ್ಲ, ಮಾವ ಜಾಮೀನು ಹಾಕಿದರು, ತೋಟದ ಮಾತೇ ಬರಲಿಲ್ಲ.

ಹೀಗೆ ನೋಡಿದರೆ ಗೇಟ್‌ನಲ್ಲಿ ಕಾದಿದ್ದು ಒಂದು ಬಾಗಿಲು, ಜರ್ಮನಿಗೆ ಒಂದು ಬ್ಯಾಂಕು ಮತ್ತು ಒಬ್ಬ ಮಾವ, ಅಮೆರಿಕಕ್ಕೆ ನಾನು ಎಣಿಸುವುದನ್ನೇ ಬಿಟ್ಟೆ. ಮೇಷ್ಟ್ರುಗಳ ಜೊತೆ ಕೂತು ಕೆಲಸ ಮಾಡಿದವರಿಗೆ, ದುಡ್ಡಿನ ದಾರಿ ಇರುವವರಿಗೆ ಅಮೆರಿಕವೇ ಸರಿ ಇರಬಹುದು, ನನ್ನ ರೂಮ್‌ಮೇಟ್ ಹೋಗಿ ಆರಾಮಾಗಿದ್ದಾಳೆ. ಬೆರಳಚ್ಚಿಗೂ ವೀಸಾ ಇಂಟರ್ವ್ಯೂಗೂ ಚೆನ್ನೈಗೆ ಹೋಗಿ ಬಂದಳು. ಅವಳಪ್ಪ ಕಾರಿನಲ್ಲಿ ಕರೆದುಕೊಂಡು ಹೋದರು.

ಮೂರನ್ನೂ ಒಟ್ಟಿಗೆ ಮಾಡಬೇಡಿ. ಅಮೆರಿಕದ ಕೊನೆ ದಿನಗಳು ಡಿಸೆಂಬರ್‌ನಲ್ಲಿ, ಗೇಟ್ ಫೆಬ್ರವರಿಯಲ್ಲಿ. ಗೇಟ್‌ಗೆ ಓದಬೇಕಾದ ಡಿಸೆಂಬರನ್ನು ನಾನು ಸ್ಟಾಫ್ ರೂಮಿನ ಬಾಗಿಲಲ್ಲಿ ಕಳೆದೆ, ರ್‍ಯಾಂಕ್ ನೋಡಿದರೆ ಗೊತ್ತಾಗುತ್ತದೆ. ಗೇಟ್ ಮತ್ತು ಜರ್ಮನಿ ಮಾತ್ರ ಚೆನ್ನಾಗಿ ಹೊಂದುತ್ತವೆ, ಗೇಟ್ ಮುಗಿದಮೇಲೂ ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿ ಹಾಕಲು ಟೈಮ್ ಇರುತ್ತದೆ, ಕೆಲವು ಕಡೆ ಜುಲೈ 15ರವರೆಗೂ.

ಗೇಟ್ ಅರ್ಜಿಯನ್ನು ಇಷ್ಟು ಹೊಗಳಿ ನಾನು ಬಂದಿದ್ದು ಜರ್ಮನಿಗೆ. ವಿಎಲ್‌ಎಸ್‌ಐ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಈಗ ಚಿಕ್ಕಪ್ಪನ ಮಗ ಎಂಟನೇ ಸೆಮಿಸ್ಟರ್. ಗೇಟ್ ಬರೆದಿದ್ದಾನೆ, ಎಪಿಎಸ್‌ಗೆ ಫಾರಂ ತುಂಬುತ್ತಿದ್ದಾನೆ, ಒಬಿಸಿ ಸರ್ಟಿಫಿಕೇಟ್ ಆಗಲೇ ಮಾಡಿಸಿಟ್ಟಿದ್ದಾನೆ. ಮೊನ್ನೆ ರಾತ್ರಿ ನನ್ನ ಹಳೇ ಎಕ್ಸೆಲ್ ಶೀಟ್ ತೆರೆದಿಟ್ಟುಕೊಂಡು ವಿಡಿಯೋ ಕಾಲ್ ಮಾಡಿದ.

"ಅಕ್ಕಾ, ಸಾಂಸ್ಕೃತಿಕ ಕನ್ನಡ ಯಾವುದಕ್ಕೆ ಹೊಂದಿಸ್ಲಿ?"

ನಮ್ಮ ಬ್ಯಾಚ್‌ಗೆ ಅದು ಆಡಳಿತ ಕನ್ನಡ ಅಂತ ಇತ್ತು. ನಾನು 'ಇತರೆ' ಅಂತ ಹಾಕಿದ್ದೆ, ನೀನೂ ಹಾಕು ಅಂದೆ.