ಒಲಿಂಪಸ್ ಟ್ರಿಪ್ 35: ಕಡಲ ದಂಡೆಯಲ್ಲಿ ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಲ್ಲಿ ಕಡಲಿಲ್ಲ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಿಗ್ಗೆ ಉಡುಪಿ, ಅಲ್ಲಿಂದ ಮಲ್ಪೆ ಅಥವಾ ಮರವಂತೆ. ಮೂರು ವರ್ಷದಿಂದ ಎರಡು ತಿಂಗಳಿಗೊಮ್ಮೆ ಹೀಗೆ ಹೋಗುತ್ತಿದ್ದೇನೆ. ಹೆಗಲಲ್ಲಿ ಒಲಿಂಪಸ್ ಟ್ರಿಪ್ 35 ಅನ್ನುವ ಹಳೆಯ ಫಿಲ್ಮ್ ಕ್ಯಾಮೆರಾ ಒಂದೇ. ಸುಮಾರು 30 ರೋಲ್ ಮುಗಿದಿವೆ, ಹೆಚ್ಚಿನವು ಗುರುತಿಲ್ಲದ ಜನರ ಫೋಟೊಗಳು. ಸೀರೆಯ ನೆರಿಗೆ ಎತ್ತಿ ಹಿಡಿದು ಮೊದಲ ಸಲ ಅಲೆಗೆ ಕಾಲು ಕೊಡುವ ಅಜ್ಜಿ, ಕೈರಂಪಣಿ ಬಲೆ ಎಳೆಯುವವರು, ಚರುಮುರಿ ಪೊಟ್ಟಣ ಹಿಡಿದು ಸುಮ್ನೆ ಕಡಲು ನೋಡುತ್ತಾ ನಿಂತ ಅಪ್ಪ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ನನಗೆ ಸಿಕ್ಕಿಲ್ಲ. ಆದರೆ ಇದರ ಜೊತೆ ಒಂದು ಹೊಣೆಯೂ ಬರುತ್ತದೆ, ಅದನ್ನೂ ಬರೆಯುತ್ತೇನೆ.

ಮೊದಲು ಕ್ಯಾಮೆರಾ ವಿಷಯ. 1967ರಿಂದ 1984ರವರೆಗೆ ತಯಾರಾದ ಮಾಡೆಲ್ ಇದು. ಬ್ಯಾಟರಿ ಬೇಕಿಲ್ಲ. ಲೆನ್ಸ್ ಸುತ್ತ ಸಣ್ಣ ಸಣ್ಣ ಗುಳ್ಳೆಗಳ ಪಾರದರ್ಶಕ ಬಳೆ ಇದೆಯಲ್ಲ, ಅದರ ಹಿಂದೆ ಸೆಲೆನಿಯಂ ಸೆಲ್ ಇದೆ. ಬೆಳಕು ಬಿದ್ದರೆ ಅದೇ ಸ್ವಲ್ಪ ಕರೆಂಟ್ ಹುಟ್ಟಿಸುತ್ತದೆ, ಒಳಗಿನ ಮುಳ್ಳು ಅಲುಗುತ್ತದೆ, ಅದರ ಪ್ರಕಾರ ಅಪರ್ಚರ್ (ಬೆಳಕು ಒಳಬರುವ ಕಂಡಿ) ಮತ್ತು ಶಟರ್ ತಾನಾಗಿ ಹೊಂದಿಕೊಳ್ಳುತ್ತವೆ. ಶಟರ್ ವೇಗ ಎರಡೇ, 1/200 ಮತ್ತು 1/40 ಸೆಕೆಂಡು. ನಾವು ಮಾಡಬೇಕಾದ್ದು ದೂರ ಅಂದಾಜು ಮಾಡೋದು. ಅದಕ್ಕೆ ಲೆನ್ಸ್ ಮೇಲೆ ನಾಲ್ಕು ಚಿಹ್ನೆ: ಒಂದು ತಲೆ, ಇಬ್ಬರು, ಗುಂಪು, ಬೆಟ್ಟ.

ಕಡಲ ದಂಡೆಯಲ್ಲಿ ನಾನು ಗುಂಪಿನ ಚಿಹ್ನೆಗೆ, ಅಂದರೆ ಸುಮಾರು 3 ಮೀಟರಿಗೆ, ಇಟ್ಟು ಮರೆತುಬಿಡುತ್ತೇನೆ. ಬಿಸಿಲು ಜೋರಾಗಿದ್ದರೆ ಕ್ಯಾಮೆರಾ ಎಫ್/16ರ ಹತ್ತಿರ, ಅಂದರೆ ತುಂಬ ಕಿರಿದಾದ ಅಪರ್ಚರಿಗೆ, ಹೋಗುತ್ತದೆ. 40 ಎಂಎಂ ಲೆನ್ಸಿಗೆ ಆಗ ಎರಡು ಮೀಟರಿನಿಂದಾಚೆ ಹೆಚ್ಚುಕಡಿಮೆ ಎಲ್ಲವೂ ಸ್ಪಷ್ಟ. ಫೋಕಸ್ ಮಾಡುತ್ತಾ ನಿಲ್ಲೋದು ಇಲ್ಲ. ಅಜ್ಜಿ ಅಲೆಗೆ ಬೆದರಿ ಮೊಮ್ಮಗಳ ಕೈ ಹಿಡಿಯುವ ಕ್ಷಣ ಕಾಲು ಸೆಕೆಂಡು ಮಾತ್ರ ಇರುತ್ತದೆ, ಆ ಕಾಲು ಸೆಕೆಂಡು ಈ ಕ್ಯಾಮೆರಾದಲ್ಲಿ ಸಿಗುತ್ತದೆ. ಶಟರ್ ಸದ್ದು ಸಣ್ಣ ಟಿಕ್, ಅಲೆ ಸದ್ದಿನಲ್ಲಿ ಅದೂ ಕೇಳಿಸಲ್ಲ. ಓಡುವ ಹುಡುಗರು, ಎಗರುವ ಚೆಂಡು ಮಾತ್ರ 1/200ಕ್ಕೆ ಸ್ವಲ್ಪ ಅಲುಗಿದ ಹಾಗೆ ಬರುತ್ತವೆ. ನನಗೆ ಅದು ಇಷ್ಟ. ಚೂಪಾಗಿಯೇ ಬೇಕು ಅನ್ನುವವರು ಬೇರೆ ಕ್ಯಾಮೆರಾ ನೋಡಿ.

ಮೊದಲ ನಾಲ್ಕು ರೋಲ್‌ಗಳಲ್ಲಿ ಮುಖಗಳೆಲ್ಲ ಕಪ್ಪು. ಹೊಳೆಯುವ ಮರಳು, ಬಿಳಿ ಆಕಾಶ, ನೀರಿನ ಮಿಂಚು ಸೇರಿ ಬೆಳಕು ಅಳೆಯುವ ಮೀಟರನ್ನು ಮೋಸ ಮಾಡುತ್ತವೆ. ಬೆಳಕು ಜಾಸ್ತಿ ಇದೆ ಅಂತ ಅದು ಅಪರ್ಚರ್ ಕಿರಿದು ಮಾಡಿಬಿಡುತ್ತದೆ. ಈಗ 200ರ ವೇಗದ (ಐಎಸ್‌ಒ) ಫಿಲ್ಮ್ ಹಾಕಿ ಫಿಲ್ಮ್ ವೇಗದ ಡಯಲ್ 100ಕ್ಕೆ ಇಡುತ್ತೇನೆ, ಆಗ ಕ್ಯಾಮೆರಾ ಜಾಸ್ತಿ ಬೆಳಕು ಬಿಡುತ್ತದೆ. ಕಲರ್ ನೆಗೆಟಿವ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆಯನ್ನು ತಡೆಯಲ್ಲ. ಇದೊಂದು ಬದಲಾವಣೆಯಿಂದ ಕಣ್ಣು, ಹಲ್ಲು, ನಗು ಎಲ್ಲ ಕಾಣಲು ಶುರುವಾಯಿತು.

ಸಂಜೆಯದ್ದು ಬೇರೆ ಕತೆ. ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿ ಎದ್ದು ನಿಲ್ಲುತ್ತದೆ. ಬೆಳಕು ಸಾಲದು ಅಂತ ಅರ್ಥ, ಶಟರ್ ಒತ್ತಲೂ ಬಿಡಲ್ಲ. ಜನ ಮನೆಗೆ ಹೊರಡದೆ ಮರಳ ಮೇಲೆ ಸುಮ್ಮನೆ ಕೂತಿರುವ ಹೊತ್ತು ಅದು, ನನಗೆ ಅತಿ ಇಷ್ಟವಾದದ್ದು. 400ರ ಫಿಲ್ಮ್ ಹಾಕಿದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ, ಅಷ್ಟೇ.

ಈಗ ಹೊಣೆಯ ವಿಷಯ. ಎರಡನೇ ವರ್ಷ ಮಲ್ಪೆಯಲ್ಲಿ ಒಂದು ಕುಟುಂಬದ ಫೋಟೊ ತೆಗೆದೆ. ಗಂಡ ಹೆಂಡತಿ, ನೀರಲ್ಲಿ ಕೂತ ಮಗು. ಆ ತಾಯಿ ನೋಡಿಬಿಟ್ಟರು. ನೇರ ನನ್ನ ಹತ್ತಿರ ಬಂದು, "ಡಿಲೀಟ್ ಮಾಡಿ ಅಣ್ಣ" ಅಂದರು. ಜೋರು ಮಾಡಲಿಲ್ಲ, ಕೇಳಿದರು ಅಷ್ಟೇ. ಇದರಲ್ಲಿ ಡಿಲೀಟ್ ಅನ್ನೋದೇ ಇಲ್ಲ ಅಂತ ಹೇಗೆ ಹೇಳೋದು? ಸ್ಕ್ರೀನ್ ಇಲ್ಲದ ಬೆನ್ನು ತೋರಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬೆಳಕು ಬಿದ್ದರೆ ಫಿಲ್ಮ್ ಹಾಳಾಗುತ್ತದೆ, ಹಾಗಾಗಿ ಬಿಸಿಲಿಗೆ ಹಿಂದಿನ ಮುಚ್ಚಳ ತೆಗೆದೆ. ತೆಗೆದ ಫ್ರೇಮ್‌ಗಳೆಲ್ಲ ಸುತ್ತಿಕೊಳ್ಳೋದು ಫಿಲ್ಮ್ ಡಬ್ಬಿಯ ಹೊರಗಿನ ಸ್ಪೂಲಿಗೆ, ಹಾಗಾಗಿ ಹಾಳಾಗೋದೂ ಅವೇ, ಅದರಲ್ಲೂ ಕೊನೆಯದು ಮೊದಲು. ಅವತ್ತು 22 ಫ್ರೇಮ್ ಆಗಿತ್ತು. ಬೆಳಗಿನ ಜಾವದ ಬಲೆಯವರೂ ಅದರಲ್ಲೇ ಇದ್ದರು. ಆಕೆ "ಸಾಕು" ಅಂದು ಹೋದರು. ಮತ್ತೆ ಹಾಗಾದರೆ ಮತ್ತೆ ಮುಚ್ಚಳ ತೆಗೆಯುತ್ತೇನೆ.

ಅಂದಿನಿಂದ ಕೆಲವು ವಿಷಯದಲ್ಲಿ ಗಟ್ಟಿಯಾಗಿದ್ದೇನೆ. ಒದ್ದೆ ಬಟ್ಟೆಯಲ್ಲಿರುವ ಹೆಂಗಸರ ಫೋಟೊ ಇಲ್ಲ. ಮಕ್ಕಳದ್ದಾದರೆ ಮೊದಲು ಅಪ್ಪ ಅಮ್ಮನ ಕಣ್ಣು ನೋಡಿ ಕ್ಯಾಮೆರಾ ಎತ್ತಿ ತೋರಿಸುತ್ತೇನೆ. ಉಳಿದವರದ್ದು ತೆಗೆದ ಮೇಲೆ ಹೋಗಿ ಮಾತಾಡುತ್ತೇನೆ. 40 ಎಂಎಂ ಲೆನ್ಸಿಗೆ ಹತ್ತಿರ ಹೋಗಲೇಬೇಕು, ಅಡಗಿ ಕೂತು ದೂರದಿಂದ ತೆಗೆಯೋಕೆ ಆಗಲ್ಲ. ಅದೇ ಇದರ ಒಳ್ಳೆಯ ಗುಣ ಅಲ್ವಾ? ಮೂರು ಮೀಟರಿನಲ್ಲಿ ನಿಂತವನನ್ನು ಅವರೂ ನೋಡಬಹುದು, ಬೇಡ ಅನ್ನಬಹುದು.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಲ್ಲಿ ಬಲೆ ಸರಿ ಮಾಡುತ್ತಿದ್ದ ಒಬ್ಬ ಹಿರಿಯರು "ತೋರ್ಸಿ ಕಾಂಬ" ಅಂದರು. ತೊಳೆಸಿ ಪ್ರಿಂಟ್ ತರುತ್ತೇನೆ ಅಂದೆ. ಮೂರು ತಿಂಗಳಾದ ಮೇಲೆ ಕೊಟ್ಟೆ. ಅವರು ಪ್ರಿಂಟನ್ನು ಅಂಗಿಗೆ ಒರೆಸಿಕೊಂಡು ನೋಡಿ, ಪಕ್ಕದವರಿಗೆ ಕೊಟ್ಟರು. ಈಗ ಹೋದಾಗಲೆಲ್ಲ ಬ್ಯಾಗಲ್ಲಿ ಹಿಂದಿನ ಸಲದ ಪ್ರಿಂಟ್‌ಗಳ ಕವರ್ ಇರುತ್ತದೆ. ಎಲ್ಲರೂ ಮತ್ತೆ ಸಿಗಲ್ಲ. ಆ ಕವರ್ ದಪ್ಪ ಆಗುತ್ತಾ ಹೋಗುತ್ತಿದೆ, ಅದು ನನಗೆ ಬೇಜಾರು.

ಖರ್ಚು: ಫಿಲ್ಮ್, ತೊಳೆಸೋದು, ಸ್ಕ್ಯಾನ್ ಸೇರಿ ನನಗೆ ಒಂದು ಫೋಟೊಗೆ 50 ರೂಪಾಯಿ ಹತ್ತಿರ ಬೀಳುತ್ತದೆ. ಪ್ರಿಂಟ್ ಬೇರೆ. ಮೆಟ್ರೊದಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗುತ್ತದಲ್ಲ, ರೋಲ್‌ಗಳನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಕೈಯಲ್ಲೇ ತೋರಿಸುತ್ತೇನೆ. ಒಂದೆರಡು ಸಲಕ್ಕೆ ಏನೂ ಆಗಲ್ಲ, ಆದರೂ ದಿನಾ ಹೋಗಿ ಬರುವ ರೋಲಿಗೆ ಬೇಡ.

ತೊಂದರೆ ಅಂದರೆ ಮರಳು ಮತ್ತು ಉಪ್ಪು. ಒಮ್ಮೆ ಫಿಲ್ಮ್ ಸುತ್ತುವ ಚಕ್ರದೊಳಗೆ ಮರಳು ಸೇರಿ ಕರಕರ ಅನ್ನತೊಡಗಿತು, ಬಿಚ್ಚಿಸಿ ಸ್ವಚ್ಛ ಮಾಡಿಸಬೇಕಾಯಿತು. ಈಗ ವಾಪಸ್ ಬಂದ ಕೂಡಲೇ ಬ್ರಷ್, ಒಣ ಬಟ್ಟೆ, ಆಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿ.

ಕೊಳ್ಳುವವರು ಎರಡು ಪರೀಕ್ಷೆ ಮಾಡಿ. ಅಪರ್ಚರ್ ಡಯಲ್ 'ಎ' (ಆಟೊ) ಮೇಲಿರಲಿ. ಕ್ಯಾಪ್ ಹಾಕಿ ಒತ್ತಿದರೆ ಕೆಂಪು ಪಟ್ಟಿ ಬರಬೇಕು, ಶಟರ್ ಬೀಳಬಾರದು. ಬಿಸಿಲಿಗೆ ಹಿಡಿದು ಒತ್ತಿದರೆ ಪಟ್ಟಿ ಬರಬಾರದು. ಬಂದರೆ ಸೆಲ್ ಸತ್ತಿರಬಹುದು, ಬಿಟ್ಟುಬಿಡಿ. ಹಿಂದಿನ ಮುಚ್ಚಳದ ಬೆಳಕು ತಡೆಯುವ ಸ್ಪಾಂಜ್ ಅಂಟಂಟಾಗಿ ಕೈಗೆ ಬಂದರೆ ಮಾತ್ರ ಹೆದರಬೇಡಿ. ನನ್ನದೂ ಹಾಗೇ ಇತ್ತು, ಹೊಸದು ಕತ್ತರಿಸಿ ಅಂಟಿಸಲು ಒಂದು ಭಾನುವಾರ ಸಾಕಾಯಿತು.