ಬಾಲ್ಕನಿಯೋ, ಬೆಳಗಿನ ಜಾವವೋ?

ಷೇಕ್ಸ್‌ಪಿಯರ್‌ನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ಪ್ರೇಮಿಗಳಿಬ್ಬರೂ ಮನಸ್ಸು ಬಿಚ್ಚಿ ಮಾತಾಡುವ ದೊಡ್ಡ ದೃಶ್ಯ ಎರಡು. ಎರಡನೇ ಅಂಕದ ಬಾಲ್ಕನಿ, ಮೂರನೇ ಅಂಕದ ಬೆಳಗಿನ ಜಾವದ ಬೀಳ್ಕೊಡುಗೆ. ಕಲಬುರಗಿಯ ನಮ್ಮ ಹವ್ಯಾಸಿ ತಂಡ ಎರಡನ್ನೂ ಕನ್ನಡದಲ್ಲಿ ಆಡಿ ನೋಡಿದೆ. ಒಂದೇ ಆರಿಸಿ ಅಂದರೆ ನಾನು ಬೆಳಗಿನ ಜಾವವನ್ನೇ ಆರಿಸುತ್ತೇನೆ.

ಬಾಲ್ಕನಿ ಆಡೋಕೆ ಸುಲಭ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದು ರೂಢಿ. ಮೇಲೊಬ್ಬಳು, ಕೆಳಗೊಬ್ಬ, ಸುತ್ತ ಕತ್ತಲು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರೋಮಿಯೋ ಬಾಯಲ್ಲಿ ಬರೀ ಸೂರ್ಯ, ಚಂದ್ರ, ನಕ್ಷತ್ರ. ಅದೇ ದಿನ ಬೆಳಗ್ಗೆ ರೋಸಲಿನ್ ಅನ್ನುವ ಬೇರೊಬ್ಬ ಹುಡುಗಿಗಾಗಿ ಕೊರಗುತ್ತಿದ್ದವನು ಇವನೇ! ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ, ಆದರೂ ಅವಳ ಕಾಲು ನೆಲದ ಮೇಲಿದೆ. ಚಂದ್ರನ ಮೇಲೆ ಆಣೆ ಇಡಬೇಡ, ಅವನು ತಿಂಗಳು ತಿಂಗಳು ಬದಲಾಗುತ್ತಾನೆ ಅನ್ನುತ್ತಾಳೆ. ಮದುವೆ ಮಾತು ಎತ್ತುವವಳೂ ಅವಳೇ. ತುಂಬ ಒಳ್ಳೆಯ ಬರವಣಿಗೆ. ಆದರೆ ಇಂಥದ್ದನ್ನು ಸಿನಿಮಾಗಳಲ್ಲಿ ಎಲ್ಲರೂ ನೋಡಿಬಿಟ್ಟಿದ್ದಾರೆ. ರೋಮಿಯೋ ಬಾಯಿ ತೆರೆದ ಕೂಡಲೇ ಸಿಳ್ಳೆ ಬಿತ್ತು. ಆ ಗದ್ದಲದಲ್ಲಿ ಜೂಲಿಯೆಟ್‌ಳ ಎಚ್ಚರದ ಮಾತು ಯಾರಿಗೂ ಕೇಳಿಸಲಿಲ್ಲ.

ಬಾಲ್ಕನಿ ಭಾನುವಾರ ರಾತ್ರಿ, ಬೀಳ್ಕೊಡುಗೆ ಮಂಗಳವಾರ ನಸುಕು. ನಡುವೆ ಇರುವುದು ಒಂದೇ ಹಗಲು. ಇಬ್ಬರ ಮನೆತನಗಳಿಗೂ ಹಗೆ, ಹಾಗಾಗಿ ಅಷ್ಟರಲ್ಲಿ ಗುಟ್ಟಾಗಿ ಮದುವೆಯಾಗಿದೆ. ರೋಮಿಯೋ ಕೈಯಲ್ಲಿ ಜೂಲಿಯೆಟ್‌ಳ ಸೋದರಸಂಬಂಧಿ ಟಿಬಾಲ್ಟ್ ಸತ್ತಿದ್ದಾನೆ. ಅದಕ್ಕೆ ರೋಮಿಯೋಗೆ ಗಡಿಪಾರು ಆಗಿದೆ, ಅವರ ಊರು ವೆರೋನಾದಲ್ಲಿ ಸಿಕ್ಕಿಬಿದ್ದರೆ ಸಾವು. ಇಬ್ಬರೂ ಜೂಲಿಯೆಟ್‌ಳ ಕೋಣೆಯಲ್ಲಿರುವಾಗ ಹೊರಗೆ ಹಕ್ಕಿಯೊಂದು ಕೂಗುತ್ತದೆ. ಅದು ರಾತ್ರಿ ಹಾಡುವ ನೈಟಿಂಗೇಲ್, ಇನ್ನೂ ಬೆಳಗಾಗಿಲ್ಲ ಅಂತ ಜೂಲಿಯೆಟ್. ಇಲ್ಲ, ಬೆಳಗು ಸಾರುವ ಲಾರ್ಕ್ ಅಂತ ರೋಮಿಯೋ. ಅವಳು ಹಟ ಹಿಡಿಯುತ್ತಾಳೆ. ಆಗಲಿ, ನೀನು ಹೇಳಿದ್ದೇ ಸರಿ, ಹಿಡಿದು ಕೊಲ್ಲಲಿ, ಇಲ್ಲೇ ಇರುತ್ತೇನೆ ಅಂದುಬಿಡುತ್ತಾನೆ. ಅಷ್ಟು ಕೇಳಿದ್ದೇ ತಡ, ಅವಳ ಹಟ ಬಿದ್ದುಹೋಗುತ್ತದೆ. ಬೆಳಗಾಯಿತು, ಹೋಗು, ಹೊರಡು! ಅವಳ ಮಾತಿಗಾಗಿ ಅವನು ಜೀವ ಕೊಡೋಕೆ ತಯಾರು. ಅವನ ಜೀವ ಉಳಿಯಲಿ ಅಂತ ಅವಳು ಅವನನ್ನೇ ಕಳಿಸೋಕೆ ತಯಾರು. ಇಡೀ ನಾಟಕದಲ್ಲಿ ಪ್ರೀತಿ ನನಗೆ ಇಷ್ಟು ಹತ್ತಿರದಿಂದ ಕಂಡಿದ್ದು ಇಲ್ಲೇ.

ಆಡುವುದು ಮಾತ್ರ ಕಷ್ಟ. ತಾಲೀಮಿನಲ್ಲಿ ನಮ್ಮ ಜೂಲಿಯೆಟ್ ‘ಹೋಗು’ ಅನ್ನುವಾಗ ಅಳುತ್ತಿದ್ದಳು, ದೃಶ್ಯ ಸಪ್ಪಗಾಗುತ್ತಿತ್ತು. ಅಳು ತೆಗೆದೆವು. ಅವನ ಚಪ್ಪಲಿ ಹುಡುಕಿ ಕೈಗೆ ಕೊಡುವ ಗಡಿಬಿಡಿ ತಂದೆವು. ಆಮೇಲೆ ನೋಡಿ! ಪ್ರದರ್ಶನದ ದಿನ ಹಿಂದಿನ ಸಾಲಿನಿಂದ ಒಬ್ಬ ಅವ್ವ ಜೋರಾಗಿಯೇ ಅಂದರು, “ಜಲ್ದಿ ಹೋಗೋ ಯಪ್ಪಾ!”

ಒಂದು ತೊಂದರೆ ಇದೆ. ಕಥೆ ಗೊತ್ತಿಲ್ಲದವರಿಗೆ ಈ ದೃಶ್ಯ ನೇರವಾಗಿ ಹತ್ತುವುದಿಲ್ಲ, ಮೊದಲೇ ನಾಲ್ಕು ಮಾತು ಹೇಳಬೇಕು. ಹೊಸ ನಟರು, ಹೊಸ ಪ್ರೇಕ್ಷಕರು ಇದ್ದರೆ ಬಾಲ್ಕನಿಯೇ ಅನುಕೂಲ. ನಾವಂತೂ ಬೆಳಗಿನ ಜಾವವನ್ನು ಇನ್ನೂ ಬೆಳೆಸುತ್ತೇವೆ. ರೋಮಿಯೋ ಇಳಿದು ಹೋದ ಕೂಡಲೇ ಜೂಲಿಯೆಟ್‌ಳ ತಾಯಿ ಬಂದು ಪ್ಯಾರಿಸ್ ಅನ್ನುವ ಸಿರಿವಂತನ ಜೊತೆ ಅವಳ ಮದುವೆ ಗೊತ್ತಾಗಿದೆ ಅನ್ನುತ್ತಾಳೆ. ಒಪ್ಪದಿದ್ದರೆ ಬೀದಿಯಲ್ಲಿ ಸಾಯಿ ಅಂತ ಅಪ್ಪ ಗದರುತ್ತಾನೆ. ಅದನ್ನು ಬಿಟ್ಟು ಆಡಿದ್ದೆವು. ಮುಂದಿನ ಸಲ ಅದೂ ಇರುತ್ತದೆ.