ಓಕ್ ಬೀಜವೋ, ಸಸಿಯೋ, ಕಾಟನ್‌ವುಡ್ ನೆರಳೋ: ಮಿಸಿಸಿಪ್ಪಿಯ ಎರೆಹೊಲದಲ್ಲಿ ಕಾಡು ಬೆಳೆಸಿ ನೋಡಿದ್ದು

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನೀರು ನಿಲ್ಲುವ ತಗ್ಗು ಹೊಲದಲ್ಲಿ ಮತ್ತೆ ಕಾಡು ಎಬ್ಬಿಸಬೇಕು ಅನ್ನುವವರಿಗೆ ನನ್ನ ಓಟು ಬರಿ ಬೇರಿನ, ಅಂದರೆ ಮಣ್ಣು ಕೊಡವಿ ತಂದ ಓಕ್ ಸಸಿಗೆ. ಎರಡನೇ ಜಾಗ ಬಿತ್ತಿದ ಓಕ್ ಬೀಜಕ್ಕೆ. ಕಾಟನ್‌ವುಡ್ ಅನ್ನುವ ಬೇಗ ಬೆಳೆಯುವ ಮರದ ನೆರಳಲ್ಲಿ ಓಕ್ ಬೆಳೆಸುವ ಪದ್ಧತಿ ನೋಡಲು ಎಲ್ಲಕ್ಕಿಂತ ಚೆಂದ, ಆದರೆ ಅದು ಟ್ರ್ಯಾಕ್ಟರೂ ಪುರುಸೊತ್ತೂ ಎರಡೂ ಇದ್ದವರಿಗೆ. ಹೊಲವನ್ನು ಸುಮ್ನೆ ಬಿಟ್ಟು ಕಾಯುವುದು ಕಾಡಂಚಿನಲ್ಲಿ ಮಾತ್ರ ನಡೆಯುತ್ತದೆ. ಮೊದಲ ವರ್ಷ ಕೇಳಿದ್ದರೆ ಈ ಪಟ್ಟಿ ಹೀಗಿರುತ್ತಿರಲಿಲ್ಲ. ಯಾವ ವರ್ಷ ಹೊಲಕ್ಕೆ ಹೋಗಿ ನೋಡುತ್ತೀರಿ ಅನ್ನುವುದರ ಮೇಲೆ ಗೆದ್ದವರು ಸೋತವರು ಅದಲುಬದಲಾಗುತ್ತಾರೆ.

ಜಾಗ ಯಾವುದು ಅಂತ ಹೇಳಬೇಕಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಚಪ್ಪಟೆ ನೆಲ. ಇಲಿನಾಯ್ ರಾಜ್ಯದ ತುದಿಯಿಂದ ಕೆಳಗೆ ಲೂಯಿಸಿಯಾನಾವರೆಗೆ ನದಿಯ ಎರಡೂ ಬದಿ ಒಂದು ಕಾಲಕ್ಕೆ ಸುಮಾರು 2.4 ಕೋಟಿ ಎಕರೆ ತಗ್ಗು ಕಾಡಿತ್ತು. ಉಳಿದದ್ದು ಹೆಚ್ಚುಕಡಿಮೆ ಕಾಲು ಭಾಗ. 1960-70ರ ದಶಕಗಳಲ್ಲಿ ಸೋಯಾಬೀನ್ ಬೆಲೆ ಏರಿದಾಗ, ವರ್ಷವರ್ಷ ನೀರು ನಿಲ್ಲುವ ಜಾಗವನ್ನೂ ಬಿಡದೆ ಕಡಿದು ಉತ್ತರು. ಆಮೇಲೆ ನೋಡಿದರೆ ಅಂಥ ಹೊಲಗಳಲ್ಲಿ ಬೆಳೆ ಕೈಗೆ ಹತ್ತಲಿಲ್ಲ. 1990ರ ಫಾರ್ಮ್ ಬಿಲ್ ಅನ್ನುವ ಕೃಷಿ ಕಾಯ್ದೆಯಲ್ಲಿ ಜೌಗು ನೆಲ ಕಾಪಾಡುವ ಯೋಜನೆ ಬಂದ ಮೇಲೆ ಸರ್ಕಾರವೇ ದುಡ್ಡು ಕೊಟ್ಟು ಇಂಥ ಹೊಲಗಳನ್ನು ಮತ್ತೆ ಕಾಡು ಮಾಡಿಸತೊಡಗಿತು. ಇಲ್ಲಿಯ ನನ್ನ ರೈತ ಗೆಳೆಯನ ಹೊಲವೂ ಅಂಥದ್ದೇ.

ನಾನು ನವಲಗುಂದದ ಕಡೆಯವನು. ಎರೆಮಣ್ಣು ನನಗೆ ಹೊಸದಲ್ಲ. ಇಲ್ಲಿಯ ಶಾರ್ಕಿ ಮಣ್ಣೂ ಅದೇ ಜಾತಿ, ಮಣ್ಣು ವಿಜ್ಞಾನಿಗಳು ಎರಡನ್ನೂ ವರ್ಟಿಸಾಲ್ ಅನ್ನುವ ಒಂದೇ ಗುಂಪಿಗೆ ಸೇರಿಸುತ್ತಾರೆ. ಮಳೆಯಲ್ಲಿ ಉಬ್ಬಿ ಬೂಟು ಎಳೆದುಕೊಳ್ಳುತ್ತದೆ, ಬಿಸಿಲಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಈ ಬಿರುಕಿನ ಮಾತು ಮುಂದೆ ಬರುತ್ತದೆ.

ನಮ್ಮ ಪ್ರಯೋಗಕ್ಕೆ ಮಾದರಿ ನಮ್ಮದಲ್ಲ. ಅಮೆರಿಕದ ಅರಣ್ಯ ಇಲಾಖೆಗೆ ಸ್ಟೋನ್‌ವಿಲ್ ಅನ್ನುವ ಊರಲ್ಲಿ ತಗ್ಗು ಕಾಡುಗಳಿಗಂತಲೇ ಒಂದು ಸಂಶೋಧನಾ ಕೇಂದ್ರವಿದೆ. ಅಲ್ಲಿಯ ಜಾನ್ ಸ್ಟಾಂಟರ್ಫ್, ಎಮಿಲ್ ಗಾರ್ಡಿನರ್ ಮತ್ತು ಸಂಗಡಿಗರ ಕೆಲಸಗಳಲ್ಲಿ ಮುಖ್ಯವಾದದ್ದು ಶಾರ್ಕಿ ಕೌಂಟಿಯಲ್ಲಿ 1995ರಲ್ಲಿ ಶುರುವಾದ ದೊಡ್ಡ ಪ್ರಯೋಗ. 20 ಎಕರೆಯ ತಾಕುಗಳು. ನಾಲ್ಕು ದಾರಿ: ಸುಮ್ಮನೆ ಬಿಡುವುದು, ನಟಾಲ್ ಅನ್ನುವ ಜಾತಿಯ ಓಕ್ ಬೀಜ ಬಿತ್ತುವುದು, ನಟಾಲ್ ಓಕ್ ಸಸಿ ನೆಡುವುದು, ಮೊದಲು ಕಾಟನ್‌ವುಡ್ ಎಬ್ಬಿಸಿ ಅದರ ಸಾಲುಗಳ ನಡುವೆ ಓಕ್ ನೆಡುವುದು. ನಾವು ಇದೇ ನಾಲ್ಕನ್ನು ಸಣ್ಣ ಪಟ್ಟೆಗಳಲ್ಲಿ 2017ರ ಚಳಿಗಾಲದಲ್ಲಿ ಶುರುಮಾಡಿದೆವು.

ಬೀಜದಿಂದ ಶುರುಮಾಡೋಣ, ಯಾಕೆಂದರೆ ನನಗೆ ಮನಸ್ಸಿಗೆ ಹತ್ತಿರವಾದದ್ದು ಅದೇ. ಖರ್ಚು ತೀರಾ ಕಡಿಮೆ. ನಟಾಲ್ ಓಕ್ ಇಲ್ಲಿಯ ಊರುಗಳಲ್ಲಿ ರಸ್ತೆ ಬದಿಯಲ್ಲೂ ಇದೆ, ಶರತ್ಕಾಲದಲ್ಲಿ ಚೀಲ ಹಿಡಿದು ಹೋದರೆ ಆಯಿತು. ಆದರೆ ಆರಿಸಿದ್ದೆಲ್ಲ ಬೀಜವಲ್ಲ. ಬಕೆಟ್ ನೀರಿಗೆ ಸುರಿಯಬೇಕು. ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು. ತೇಲಿದ್ದನ್ನು ಒಡೆದು ನೋಡಿ, ಒಳಗೆ ಬಿಳಿ ಹುಳ ಸುರುಳಿ ಸುತ್ತಿಕೊಂಡು ಕೂತಿರುತ್ತದೆ, ಸುತ್ತ ಕಂದು ಪುಡಿ. ಹುಳ ಆಗಲೇ ಹೊರಬಿದ್ದಿದ್ದರೆ ಸಿಪ್ಪೆಯ ಮೇಲೆ ಡ್ರಿಲ್ಲಿನಿಂದ ಕೊರೆದ ಹಾಗೆ ದುಂಡನೆಯ ತೂತು. ಈ ಪರೀಕ್ಷೆ ಓವರ್‌ಕಪ್ ಓಕ್‌ಗೆ ಮಾತ್ರ ನಡೆಯುವುದಿಲ್ಲ. ಅದರ ಬೀಜವನ್ನು ಬೆಂಡಿನಂಥ ಟೊಪ್ಪಿಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಒಳ್ಳೆಯದೂ ತೇಲುತ್ತದೆ.

ಇನ್ನೊಂದು. ಓಕ್ ಬೀಜವನ್ನು ಜೋಳದ ಹಾಗೆ ಒಣಗಿಸಿ ಡಬ್ಬಿಯಲ್ಲಿಡುವ ಹಾಗಿಲ್ಲ. ಒಣಗಿತು ಅಂದರೆ ಸತ್ತಿತು. ಒದ್ದೆಯಾಗಿಯೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೆಪ್ಪುಗಟ್ಟದ ಹಾಗೆ ಫ್ರಿಜ್ಜಿನಲ್ಲಿಡಬೇಕು. ನಟಾಲ್ ಕೆಂಪು ಓಕ್ ಬಳಗದ್ದು, ಆ ಚಳಿ ಅದಕ್ಕೆ ಮೊಳೆಯಲು ಬೇಕು ಕೂಡ. ಎಕರೆಗೆ ಸಾವಿರದಿಂದ ಸಾವಿರದೈನೂರು ಬೀಜ ಹಾಕಿ ಅನ್ನುವುದು ಇಲ್ಲಿಯ ರೂಢಿ, ಎರಡರಿಂದ ನಾಲ್ಕು ಇಂಚು ಆಳಕ್ಕೆ. ಅಷ್ಟು ಯಾಕೆ ಅಂದರೆ ಬಹುಪಾಲು ಗಿಡವಾಗುವುದೇ ಇಲ್ಲ.

ಮೊದಲ ಬೇಸಿಗೆ ನಮ್ಮ ಬೀಜದ ಪಟ್ಟೆ ನೋಡಿದವರೆಲ್ಲ ತಲೆ ಅಲ್ಲಾಡಿಸಿದರು. ಕಳೆ ಎದೆಮಟ್ಟ, ಓಕ್ ಕಾಣಬೇಕಾದರೆ ಮೊಣಕಾಲೂರಿ ಹುಡುಕಬೇಕು. ಸಿಕ್ಕಿದ್ದು ಗೇಣುದ್ದದ ಕಡ್ಡಿ, ನಾಲ್ಕು ಎಲೆ. ಆದರೆ ಒಂದನ್ನು ಅಗೆದು ನೋಡಿದೆ. ಮೇಲೆ ಗೇಣಿದ್ದದ್ದಕ್ಕೆ ಕೆಳಗೆ ತಾಯಿಬೇರು ಅದಕ್ಕಿಂತ ಜಾಸ್ತಿ ಇಳಿದಿತ್ತು, ನೇರವಾಗಿ, ಎಲ್ಲೂ ಮಡಚದೆ. ಅದನ್ನು ಯಾರೂ ಕಿತ್ತು ತಂದು ನೆಟ್ಟಿರಲಿಲ್ಲ ನೋಡಿ. ಕಾಡಂಚಿಗೆ ಹತ್ತಿರದ ಸಾಲುಗಳನ್ನು ಮಾತ್ರ ಇಲಿಗಳು ಸಾಲು ಹಿಡಿದೇ ಅಗೆದು ತಿಂದಿದ್ದವು. ಬಯಲಿನ ನಡುವೆ ಅವುಗಳ ಕಾಟ ಕಡಿಮೆ. ಮೇಲೆ ಹದ್ದು, ಗಿಡುಗ ಸುತ್ತುತ್ತಿರುವಾಗ ಬಯಲಿಗೆ ಬರಲು ಇಲಿಗೂ ಧೈರ್ಯ ಬೇಕಲ್ಲ.

ಬರಿ ಬೇರಿನ ಸಸಿ ಅಂದರೆ ನರ್ಸರಿ ಪಾತಿಯಲ್ಲಿ ಒಂದು ವರ್ಷ ಬೆಳೆಸಿ, ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಕಿತ್ತು, ಮಣ್ಣು ಕೊಡವಿ ಕಟ್ಟು ಕಟ್ಟಿ ಕಳಿಸುವ ಗಿಡ. ಹನ್ನೆರಡು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 302. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಬೇಕು. ಕೊಳ್ಳುವಾಗ ಎತ್ತರ ನೋಡಬೇಡಿ, ಬೇರು ಶುರುವಾಗುವಲ್ಲಿ ಕಾಂಡದ ದಪ್ಪ ನೋಡಿ. ಪೆನ್ಸಿಲ್‌ಗಿಂತ ದಪ್ಪ ಇದ್ದದ್ದು ಬೇಕು. ಸಣ್ಣ ಕಾಂಡದ ಉದ್ದನೆಯ ಸಸಿ ಬರೀ ಷೋಕಿ.

ನೆಡುವಾಗಿನ ತೊಂದರೆ ಆ ಮಣ್ಣಿನದೇ. ಹಾರೆಯಂಥ ಚಪ್ಪಟೆ ಸಲಾಕೆ ಊರಿ ಸೀಳು ಮಾಡುತ್ತೀರಿ, ಬೇರು ಇಳಿಸುತ್ತೀರಿ, ಪಕ್ಕದಲ್ಲಿ ಇನ್ನೊಮ್ಮೆ ಊರಿ ಸೀಳು ಮುಚ್ಚುತ್ತೀರಿ. ಫೆಬ್ರವರಿಯಲ್ಲಿ ಎಲ್ಲ ಸರಿ. ಜುಲೈ ಬಿಸಿಲಿಗೆ ಮಣ್ಣು ಕುಗ್ಗಿ, ಸರಿಯಾಗಿ ಆ ಸೀಳಿನ ಗುಂಟವೇ ಬಾಯಿ ಬಿಡುತ್ತದೆ. ಬಗ್ಗಿ ನೋಡಿದರೆ ಬೇರು ಗಾಳಿಯಲ್ಲಿ ತೂಗುತ್ತಿರುತ್ತದೆ. ಸೀಳಿನ ತಳದವರೆಗೂ ಮಣ್ಣು ಒತ್ತಿದ ಕಡೆ ಇದು ಕಡಿಮೆ, ಮೇಲೆ ಬೂಟಿನಿಂದ ಒದ್ದು ಮುಚ್ಚಿದ ಕಡೆ ಜಾಸ್ತಿ. ಕೂಲಿಗೆ ಬಂದ ತಂಡ ಎಷ್ಟು ಬೇಗ ನೆಡುತ್ತದೆ ಅಂತ ಖುಷಿಪಡುವವರು ಇದನ್ನು ನೆನಪಿಡಬೇಕು.

ಮೊದಲ ವರ್ಷ ತುದಿ ಒಣಗಿದ ಸಸಿಗಳನ್ನು ಸತ್ತವು ಅಂತ ಬರೆದುಕೊಳ್ಳಬೇಡಿ. ಉಗುರಿನಿಂದ ಬುಡದ ತೊಗಟೆ ಕೆರೆದು ನೋಡಿ. ಹಸಿರಿದ್ದರೆ ಬುಡದಿಂದ ಮತ್ತೆ ಚಿಗುರುತ್ತದೆ, ನಮ್ಮಲ್ಲಿ ಬಹಳಷ್ಟು ಹಾಗೇ ಬಂದವು. ಮೊಲ ಕತ್ತರಿಸಿದ್ದೂ ಹಾಗೇ ಚಿಗುರಿತು. ಅದರ ಕಡಿತ ಓರೆಯಾಗಿ ನುಣ್ಣಗಿರುತ್ತದೆ, ಜಿಂಕೆ ತಿಂದದ್ದು ಹರಿದ ಹಾಗಿರುತ್ತದೆ.

ಕಾಟನ್‌ವುಡ್ ಕತೆಯೇ ಬೇರೆ. ಬೇರಿಲ್ಲದ ಕಡ್ಡಿ, ಒಂದೂವರೆ ಅಡಿಗೆ ಸ್ವಲ್ಪ ಕಡಿಮೆ, ನೆಲಕ್ಕೆ ಚುಚ್ಚಿದರೆ ಮುಗಿಯಿತು. ಮೊದಲ ಬೇಸಿಗೆ ಮುಗಿಯುವಾಗ ನನ್ನ ತಲೆ ದಾಟಿತ್ತು. ಫೋಟೋ ತೆಗೆದು ಊರಿಗೆ ಕಳಿಸಿದ್ದು ಇದರದ್ದೇ, ಬೇರೆ ಪಟ್ಟೆಗಳದ್ದು ಕಳಿಸಿದರೆ ನಗುತ್ತಿದ್ದರು. ಆದರೆ ಆ ಬೇಸಿಗೆಯಲ್ಲಿ ಸಾಲುಗಳ ನಡುವೆ ಮತ್ತೆಮತ್ತೆ ಡಿಸ್ಕ್ ಹೊಡೆದು ಕಳೆ ತೆಗೆಯಲೇಬೇಕು. ಬಿಟ್ಟ ಒಂದು ಮೂಲೆಯಲ್ಲಿ ಬಳ್ಳಿಗಳು ಹತ್ತಿ ಗಿಡವನ್ನೇ ಬಗ್ಗಿಸಿಬಿಟ್ಟವು. ದುಡ್ಡು ಜಾಸ್ತಿ ಹೋದದ್ದು ಇಲ್ಲಿ. ಲಾಭವೂ ಇದೆ: ಹತ್ತು ವರ್ಷದ ಆಸುಪಾಸಿನಲ್ಲಿ ಕಾಟನ್‌ವುಡ್ಡನ್ನು ಕಾಗದದ ಗಿರಣಿಗೆ ಕಡಿದು ಮಾರಬಹುದು, ಅಷ್ಟರಲ್ಲಿ ಕೆಳಗಿನ ಓಕ್ ನೆಲೆ ನಿಂತಿರುತ್ತದೆ. ಸ್ಟೋನ್‌ವಿಲ್‌ನವರು ತೋರಿಸಿದ್ದೂ ಇದನ್ನೇ. ಆ ತೆಳು ನೆರಳಲ್ಲಿ ಓಕ್ ಬದುಕುತ್ತದೆ, ಕಾಂಡ ಮಾತ್ರ ಬಯಲಿನಷ್ಟು ದಪ್ಪವಾಗುವುದಿಲ್ಲ. ಹಕ್ಕಿಗಳ ಲೆಕ್ಕದಲ್ಲಿ ಮಾತ್ರ ಬೇರೆ ಯಾವುದೂ ಹತ್ತಿರ ಬರುವುದಿಲ್ಲ. ಓಕ್ ಪಟ್ಟೆಯಲ್ಲಿ ಇನ್ನೂ ಹುಲ್ಲಿನ ಹಕ್ಕಿಗಳೇ ಇರುವಾಗ ಇಲ್ಲಿ ಮರದ ಹಕ್ಕಿಗಳು ಬಂದಾಗಿತ್ತು.

ಸುಮ್ನೆ ಬಿಟ್ಟ ಪಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಡಂಚಿನ ಹತ್ತಿರ ಗಾಳಿ, ನೀರು ತಂದ ಗ್ರೀನ್ ಆ್ಯಶ್, ಎಲ್ಮ್, ಸ್ವೀಟ್‌ಗಮ್ ಎದ್ದವು. ದೂರದಲ್ಲಿ ಬರೀ ಕಳೆ. ಓಕ್ ಬೀಜ ಭಾರ, ಅದು ಹಾರಿ ಬರುವುದಿಲ್ಲ. ಮೇಲಾಗಿ ಆ್ಯಶ್ ಮರ ಕೊರೆಯುವ ಹಸಿರು ದುಂಬಿ ಅರ್ಕಾನ್ಸಾ, ಲೂಯಿಸಿಯಾನಾಗಳಿಗೆ ಆಗಲೇ ಬಂದಿದೆ. ಅದನ್ನು ನಂಬಿ ಕೂರುವ ಹಾಗಿಲ್ಲ.

ಇಷ್ಟರ ಮೇಲೆ 2019 ಬಂತು. ಮಿಸಿಸಿಪ್ಪಿ ಏರಿದ್ದರಿಂದ ಫೆಬ್ರವರಿಯಲ್ಲಿ ಸ್ಟೀಲ್ ಬಾಯು ಗೇಟು ಮುಚ್ಚಿದರು. ನದಿ ನೀರು ಒಳಗೆ ಬರದಿರಲಿ ಅಂತ ಇರುವ ಗೇಟು ಅದು. ಆದರೆ ಒಳಗೆ ಬಿದ್ದ ಮಳೆಗೂ ಹೊರಹೋಗಲು ದಾರಿಯಿಲ್ಲ. ಐದು ಲಕ್ಷ ಎಕರೆಗೂ ಜಾಸ್ತಿ ನೆಲ ಮುಳುಗಿತು, ಬೇಸಿಗೆ ಕಳೆಯುತ್ತಾ ಬಂದರೂ ಪೂರ್ತಿ ಇಳಿಯಲಿಲ್ಲ. ನಟಾಲ್ ಓಕ್ ನೀರು ತಡೆಯುತ್ತದೆ ಅಂತ ಹೇಳುತ್ತಾರಲ್ಲ, ಅದು ಚಳಿಗಾಲದ ಮಾತು. ಎಲೆ ಬಿಟ್ಟ ಮೇಲೆ ತಲೆ ಮುಳುಗಿದರೆ ಅದಕ್ಕೂ ಉಸಿರಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಕಾಟನ್‌ವುಡ್ ನಡುವೆ ಹೊಸದಾಗಿ ನೆಟ್ಟಿದ್ದ ಓಕ್ ಸಸಿಗಳು ತಗ್ಗಿನ ಕಡೆ ಪೂರ್ತಿ ಹೋದವು. ಮೇಲಿನ ಕಾಟನ್‌ವುಡ್ ಮಾತ್ರ ಏನೂ ಆಗದ ಹಾಗೆ ನಿಂತಿತ್ತು. ಎತ್ತರದ ಕಡೆ ನೀರು ಬೇಗ ಇಳಿದಿತ್ತು, ಅಲ್ಲಿ ಸಸಿ ಪಟ್ಟೆ ಬಹುಪಾಲು ಉಳಿಯಿತು. ಬೀಜದ ಪಟ್ಟೆಯ ಗಿಡಗಳಲ್ಲಿ ಎಷ್ಟೋ ಸತ್ತವು, ಆದರೆ ಉಳಿದವುಗಳ ಬೇರು ಗಟ್ಟಿ. ಆಮೇಲಿನ ಬೇಸಿಗೆಗಳಲ್ಲಿ ಸಸಿ ಪಟ್ಟೆಗೂ ಅದಕ್ಕೂ ಎತ್ತರದ ಅಂತರ ಕಡಿಮೆಯಾಗುತ್ತಾ ಬಂತು. ನನ್ನ ಪಟ್ಟಿಯಲ್ಲಿ ಬೀಜ ಎರಡನೇ ಜಾಗಕ್ಕೆ ಏರಿದ್ದು ಆಗ.

ದೊಡ್ಡ ಕುಂಡದಲ್ಲಿ ಬೆಳೆಸಿದ ಸಸಿಗಳನ್ನೂ ಕೆಲವು ನೆಟ್ಟೆವು. ಚೆನ್ನಾಗಿವೆ. ಆದರೆ ಒಂದರ ಬೆಲೆಗೆ ಬರಿ ಬೇರಿನದು ಕಟ್ಟುಗಟ್ಟಲೆ ಬರುತ್ತದೆ. ಮನೆಯಂಗಳಕ್ಕೆ ಸರಿ, ಎಕರೆಗಟ್ಟಲೆ ಹೊಲಕ್ಕಲ್ಲ.

ತಗ್ಗಿನ ತುದಿಗೆ ಇನ್ನು ನಟಾಲ್ ಬೇಡ ಅಂತ ನಿರ್ಧಾರವಾಗಿದೆ, ಅಲ್ಲಿಗೆ ಓವರ್‌ಕಪ್. ಅದು ಉಳಿದ ಓಕ್‌ಗಳಿಗಿಂತ ತಡವಾಗಿ ಚಿಗುರುತ್ತದೆ, ಹಾಗಾಗಿ ವಸಂತದ ನೀರು ತಂಗಿದರೂ ತಾಳುತ್ತದೆ. ಅದರ ಬೀಜ ನೀರಡಿಯಲ್ಲಿ ಚಳಿಗಾಲ ಕಳೆದು ನೀರಿಳಿದ ಮೇಲೆ ಮೊಳೆಯುವ ಜಾತಿ. ಅಲ್ಲಿ ಸಸಿಗೆ ದುಡ್ಡು ಹಾಕುವುದಿಲ್ಲ, ಬೀಜವೇ ಸಾಕು. ಎತ್ತರದ ಕಡೆ ಖಾಲಿ ಬಿದ್ದ ಜಾಗಕ್ಕೆ ಬರಿ ಬೇರಿನ ನಟಾಲ್ ಮತ್ತು ವಿಲ್ಲೋ ಓಕ್ ಹೇಳಿಟ್ಟಿದ್ದೇವೆ. ನೀವೂ ಹೇಳುವುದಿದ್ದರೆ ಶರತ್ಕಾಲಕ್ಕೆ ಮುಂಚೆಯೇ ಹೇಳಿ, ಬೀಜ ಎಲ್ಲಿಯದು ಅಂತಲೂ ಕೇಳಿ. ಡಿಸೆಂಬರ್ ಹೊತ್ತಿಗೆ ಉಳಿದಿರುವುದು ಸಾಮಾನ್ಯವಾಗಿ ಆ ಸಣ್ಣ ಕಾಂಡದ ಉದ್ದನೆಯವೇ.